ಬಂದರಿನ ಮಾತು, ಜಂಕ್ಷನ್ನಿನ ಮಾತು: ಆಂಧ್ರಕ್ಕೆ ಹೊರಟವರಿಗೆ ಇಂಗ್ಲಿಷ್ ನುಡಿಗಟ್ಟುಗಳ ಕೈಪಿಡಿ

2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಮತ್ತು ಆಂಧ್ರ ಬ್ಯಾಂಕ್ ಎರಡೂ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದವು. ಮೊದಲನೆಯದು 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು. ಎರಡನೆಯದನ್ನು 1923ರಲ್ಲಿ ಮಚಲೀಪಟ್ಟಣದಲ್ಲಿ ಭೋಗರಾಜು ಪಟ್ಟಾಭಿ ಸೀತಾರಾಮಯ್ಯನವರು ಸ್ಥಾಪಿಸಿದ್ದರು. ಹೀಗೆ ಕರಾವಳಿ ಕನ್ನಡದ ಸಿಬ್ಬಂದಿಯೂ ಕೃಷ್ಣಾ ತೀರದ ತೆಲುಗು ಸಿಬ್ಬಂದಿಯೂ ಒಂದೇ ಸಂಸ್ಥೆಯವರಾದರು. ನೌಕಾಪಡೆ, ರೈಲ್ವೆ, ಉಕ್ಕಿನ ಕಾರ್ಖಾನೆ, ಬಂದರು ಎಂದು ಕೆಲಸದ ಮೇಲೆ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಹೋಗುವ ಕನ್ನಡಿಗರು ಅದಕ್ಕೂ ಮೊದಲೇ ಇದ್ದರು. ಕನ್ನಡ ಬಾರದ ಸಹೋದ್ಯೋಗಿಗೂ ತೆಲುಗು ಇನ್ನೂ ಬಾರದ ನಮಗೂ ನಡುವೆ ಸೇತುವೆಯಾಗುವುದು ಇಂಗ್ಲಿಷ್.

ವ್ಯಾಕರಣದ ಇಂಗ್ಲಿಷ್ ನಮ್ಮ ಹುಡುಗ ಹುಡುಗಿಯರಿಗೆ ಚೆನ್ನಾಗಿಯೇ ಬರುತ್ತದೆ. ಅವರು ಎಡವುವುದು ನುಡಿಗಟ್ಟುಗಳಲ್ಲಿ. ಸಾಲ ವಸೂಲಿಯ ಸಭೆಯಲ್ಲಿ ಮೇಲಧಿಕಾರಿ ‘ದ ಬಾಲ್ ಈಸ್ ಇನ್ ದೇರ್ ಕೋರ್ಟ್’ ಎಂದರೆ, ಹೊಸಬರು ವಿಷಯ ನ್ಯಾಯಾಲಯಕ್ಕೆ ಹೋಗಿದೆ ಎಂದು ಬರೆದುಕೊಳ್ಳಬಹುದು. ಅದು ಟೆನಿಸ್ ಅಂಕಣದ ಮಾತು. ನಾವು ಮಾಡಬೇಕಾದ್ದು ಮಾಡಿದ್ದೇವೆ, ಮುಂದಿನ ನಡೆ ಅವರದು ಎಂದಷ್ಟೇ ಅದರ ಅರ್ಥ. ಒಂದೊಂದು ಪದವೂ ಗೊತ್ತಿದ್ದು ಇಡೀ ಮಾತು ಕೈಗೆ ಸಿಗದಿರುವುದು ಬುದ್ಧಿಯ ಕೊರತೆಯಲ್ಲ. ನುಡಿಗಟ್ಟು ಎಂಬುದೇ ಹಾಗೆ, ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಅದು ದಕ್ಕುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ‘ಐನೂರು ನುಡಿಗಟ್ಟು’ಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಇದಕ್ಕೆ ಮದ್ದಲ್ಲ. ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳ ನಡುವೆ ಗುರುತು ಹಾಕುವುದಕ್ಕೆ ಆ ಪಟ್ಟಿ ಸಾಕು, ಮಾತಾಡುವುದಕ್ಕೆ ಸಾಲದು. ನುಡಿಗಟ್ಟು ಯಾವ ಕಸುಬಿನಲ್ಲಿ ಹುಟ್ಟಿತೋ ಆ ಕಸುಬಿನ ಚಿತ್ರವನ್ನು ಒಮ್ಮೆ ಕಣ್ಣಿಗೆ ತಂದುಕೊಂಡರೆ ಅರ್ಥವೂ ನಿಲ್ಲುತ್ತದೆ, ತಪ್ಪು ಜಾಗದಲ್ಲಿ ಬಳಸುವ ಅಪಾಯವೂ ಕಡಿಮೆಯಾಗುತ್ತದೆ. ಇದಕ್ಕೆ ವಿಶಾಖಪಟ್ಟಣ ಮತ್ತು ವಿಜಯವಾಡಕ್ಕಿಂತ ಒಳ್ಳೆಯ ಜೋಡಿ ಊರು ಸಿಗುವುದು ಕಷ್ಟ. ಇಂಗ್ಲಿಷರ ನಿತ್ಯದ ಮಾತಿನಲ್ಲಿ ಹಡಗಿನಿಂದ ಬಂದದ್ದು ಬಹಳ, ರೈಲಿನಿಂದ ಬಂದದ್ದೂ ಕಡಿಮೆಯಿಲ್ಲ. ಒಂದೂರು ದೊಡ್ಡ ಬಂದರು, ಇನ್ನೊಂದು ದೊಡ್ಡ ಜಂಕ್ಷನ್.

ಹಾಯಿ, ಹಗ್ಗ, ಬಾವುಟ

ವಿಶಾಖಪಟ್ಟಣದ ಬಂದರು ತೆರೆದದ್ದು 1933ರಲ್ಲಿ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಡಗು ‘ಜಲ ಉಷಾ’ವನ್ನು ನೆಹರೂ ನೀರಿಗಿಳಿಸಿದ್ದು 1948ರಲ್ಲಿ, ಇಲ್ಲಿನ ಸಿಂಧಿಯಾ ಹಡಗುಕಟ್ಟೆಯಲ್ಲಿ. ಪೂರ್ವ ನೌಕಾ ಕಮಾಂಡಿನ ಕೇಂದ್ರವೂ ಇದೇ. ನೌಕಾದಿನದ ಪ್ರದರ್ಶನ ಇಲ್ಲಿ ನಡೆಯುವಾಗ ಆರ್‌.ಕೆ. ಬೀಚಿನಲ್ಲಿ ನಿಂತರೆ ಬಾವುಟ ಹಾರಿಸುತ್ತ ಸಾಗುವ ಯುದ್ಧನೌಕೆಗಳು ಕಾಣುತ್ತವೆ. ‘ಪಾಸ್ ವಿತ್ ಫ್ಲೈಯಿಂಗ್ ಕಲರ್ಸ್’ ಎಂಬುದರ ಚಿತ್ರ ಅದೇ. ಇಲ್ಲಿ ‘ಕಲರ್ಸ್’ ಎಂದರೆ ಬಣ್ಣಗಳಲ್ಲ, ಹಡಗಿನ ಬಾವುಟಗಳು. ಗೆದ್ದ ಹಡಗು ಬಾವುಟ ಇಳಿಸದೆ ಬಂದರಿಗೆ ಬರುತ್ತಿತ್ತು. ಆದ್ದರಿಂದ ಅದು ತೇರ್ಗಡೆಯಾದವರಿಗೆಲ್ಲ ಹೇಳುವ ಮಾತಲ್ಲ, ತಲೆಯೆತ್ತಿಕೊಂಡು ತೇರ್ಗಡೆಯಾದವರಿಗೆ ಹೇಳುವ ಮಾತು. ಅದೇ ಬಾವುಟದಿಂದ ‘ಶೋ ಒನ್ಸ್ ಟ್ರೂ ಕಲರ್ಸ್’ ಬಂತು. ಸುಳ್ಳು ಬಾವುಟ ಹಾರಿಸಿಕೊಂಡು ಹತ್ತಿರ ಬಂದ ಹಡಗು ಕೊನೆಗೆ ತನ್ನ ನಿಜವಾದ ಬಾವುಟ ಏರಿಸುವುದು ಅಲ್ಲಿನ ಚಿತ್ರ. ನಮ್ಮಲ್ಲಿ ಇದಕ್ಕೆ ‘ಬಣ್ಣ ಬಯಲಾಯಿತು’ ಎನ್ನುತ್ತೇವೆ. ಹೊಗಳಿಕೆಗೆ ಇದನ್ನು ಬಳಸಬೇಡಿ. ಹೆಚ್ಚಾಗಿ ಕೆಟ್ಟ ಗುಣ ಹೊರಬಿದ್ದಾಗ ಆಡುವ ಮಾತು ಇದು.

ಹೊಸ ಕೆಲಸಕ್ಕೆ ಸೇರಿದವರ ಕಿವಿಗೆ ಮೊದಲ ವಾರದಲ್ಲೇ ಬೀಳುವುದು ‘ಲರ್ನ್ ದ ರೋಪ್ಸ್’. ಹಾಯಿಹಡಗಿನಲ್ಲಿ ಹತ್ತಾರು ಹಗ್ಗ. ಯಾವುದನ್ನು ಎಳೆದರೆ ಯಾವ ಹಾಯಿ ಏರುತ್ತದೆ, ಯಾವುದನ್ನು ಬಿಟ್ಟರೆ ಯಾವುದು ಇಳಿಯುತ್ತದೆ ಎಂದು ಹೊಸ ನಾವಿಕ ಕಲಿಯಬೇಕಿತ್ತು. ಇವತ್ತು ಅದು ಯಾವುದೇ ಕೆಲಸದ ಒಳಹೊರಗು ತಿಳಿದುಕೊಳ್ಳುವುದಕ್ಕೆ ಸಲ್ಲುತ್ತದೆ. ‘ರಾವ್ ಗಾರು ವಿಲ್ ಶೋ ಯು ದ ರೋಪ್ಸ್’ ಎಂದರೆ ರಾವ್ ಅವರು ಕೆಲಸ ಹೇಳಿಕೊಡುತ್ತಾರೆ ಎಂದರ್ಥ. ‘ಟೇಕನ್ ಅಬ್ಯಾಕ್’ ಕೂಡ ಹಾಯಿಯ ಮಾತೇ. ಗಾಳಿ ಥಟ್ಟನೆ ಎದುರಿನಿಂದ ಬೀಸಿ ಹಾಯಿಯನ್ನು ಕಂಬಕ್ಕೆ ಒತ್ತಿಬಿಟ್ಟರೆ ಹಡಗು ಮುಂದೆ ಹೋಗಲಾರದೆ ನಿಲ್ಲುತ್ತದೆ. ಎದುರಿನವರ ಮಾತಿಗೆ ನಾವು ತಬ್ಬಿಬ್ಬಾದಾಗ ‘ಐ ವಾಸ್ ಟೇಕನ್ ಅಬ್ಯಾಕ್’ ಎನ್ನುತ್ತೇವೆ. ಸಣ್ಣ ಆಶ್ಚರ್ಯಕ್ಕೆ ಇದು ಹೊಂದದು. ಒಂದು ಕ್ಷಣ ಏನೂ ತೋಚದೆ ನಿಂತಿರಬೇಕು. ‘ಬೈ ಆಂಡ್ ಲಾರ್ಜ್’ ಎಂಬ ಸಪ್ಪೆಯಾಗಿ ಕಾಣುವ ಮಾತಿನ ಒಳಗೂ ಗಾಳಿ ಇದೆ. ಎದುರುಗಾಳಿಯ ಪಕ್ಕಕ್ಕೆ ಒತ್ತಿಕೊಂಡು ಸಾಗುವುದು ‘ಬೈ’, ಗಾಳಿ ಹಿಂದಿನಿಂದ ಬೀಸುವಾಗ ಸಾಗುವುದು ‘ಲಾರ್ಜ್’. ಎರಡರಲ್ಲೂ ಚೆನ್ನಾಗಿ ನಡೆಯುವ ಹಡಗು ಒಟ್ಟಾರೆಯಾಗಿ ಒಳ್ಳೆಯದು. ವರದಿಯಲ್ಲಿ ‘ಬಹುಮಟ್ಟಿಗೆ’ ಎಂದು ಬರೆಯಬೇಕಾದಲ್ಲೆಲ್ಲ ಇದನ್ನು ಧೈರ್ಯವಾಗಿ ಬಳಸಬಹುದು.

2020ರ ಅಕ್ಟೋಬರಿನಲ್ಲಿ ವಾಯುಭಾರ ಕುಸಿತದ ಬಿರುಗಾಳಿಗೆ ಸಿಕ್ಕಿ ‘ಎಂ.ವಿ. ಮಾ’ ಎಂಬ ಬಾಂಗ್ಲಾದೇಶದ ಸರಕು ಹಡಗು ತೆನ್ನೇಟಿ ಪಾರ್ಕಿನ ಬಳಿ ದಡಕ್ಕೆ ಬಂದು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಎಷ್ಟೋ ಕಾಲ ಅದು ಅಲ್ಲೇ ಇತ್ತು, ಜನ ಹೋಗಿ ಪಟ ತೆಗೆಸಿಕೊಳ್ಳುತ್ತಿದ್ದರು. ‘ಹೈ ಆಂಡ್ ಡ್ರೈ’ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು. ನೀರು ಹಿಂದೆ ಸರಿದ ಮೇಲೆ ದಡದಲ್ಲಿ ಒಣಗುತ್ತ ನಿಂತ ಹಡಗು ತಾನಾಗಿ ಏನೂ ಮಾಡಲಾರದು. ‘ದ ಕಾಂಟ್ರಾಕ್ಟರ್ ಲೆಫ್ಟ್ ಅಸ್ ಹೈ ಆಂಡ್ ಡ್ರೈ’ ಎಂದರೆ ಗುತ್ತಿಗೆದಾರ ಅರ್ಧಕ್ಕೆ ಕೈಬಿಟ್ಟು ಹೋದ. ನಾವು ಇದನ್ನೇ ‘ನಡುನೀರಿನಲ್ಲಿ ಕೈಬಿಟ್ಟ’ ಎನ್ನುತ್ತೇವೆ. ಹೊಳೆ ದಾಟುವವನಿಗೆ ನೀರಿನ ನಡುವೆ ಅಪಾಯ, ಹಡಗಿಗೆ ನೀರು ಇಲ್ಲದಲ್ಲಿ ಅಪಾಯ. ಕನ್ನಡದ ಚಿತ್ರವನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಇಟ್ಟರೆ ಕೇಳುವವರಿಗೆ ತಿಳಿಯುವುದಿಲ್ಲ, ಇಂಗ್ಲಿಷಿನ ಚಿತ್ರವನ್ನು ಕನ್ನಡಕ್ಕೆ ತಂದು ‘ಎತ್ತರವಾಗಿ ಒಣಗಿ ಬಿಟ್ಟರು’ ಎಂದರೂ ಅಷ್ಟೇ.

ಬಿರುಗಾಳಿಯ ನುಡಿಗಟ್ಟುಗಳನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೆಯೇ ಹಾದುಬಂತು. ‘ಬ್ಯಾಟನ್ ಡೌನ್ ದ ಹ್ಯಾಚಸ್’ ಎಂದರೆ ಹಡಗಿನ ಮೇಲ್ಕಟ್ಟೆಯ ಬಾಗಿಲುಗಳನ್ನು ಪಟ್ಟಿ ಬಡಿದು ಭದ್ರಪಡಿಸುವುದು, ಅಂದರೆ ಬರುವ ಕಷ್ಟಕ್ಕೆ ಮೊದಲೇ ಸಜ್ಜಾಗುವುದು. ‘ವೆದರ್ ದ ಸ್ಟಾರ್ಮ್’ ಎಂದರೆ ಕಷ್ಟವನ್ನು ತಾಳಿಕೊಂಡು ಉಳಿಯುವುದು. ‘ಎನಿ ಪೋರ್ಟ್ ಇನ್ ಎ ಸ್ಟಾರ್ಮ್’ ಎಂದರೆ ಆಪತ್ತಿನಲ್ಲಿ ಸಿಕ್ಕಿದ್ದೇ ಆಸರೆ. ‘ಇನ್ ದಿ ಐ ಆಫ್ ದ ಸ್ಟಾರ್ಮ್’ ಬಗ್ಗೆ ಮಾತ್ರ ಎಚ್ಚರ ಬೇಕು. ಚಂಡಮಾರುತದ ಕಣ್ಣು ಹಾಯುವಾಗ ಗಾಳಿ ನಿಂತಂತಾಗುತ್ತದೆ, ಆ ನೆಮ್ಮದಿ ನಂಬುವಂಥದ್ದಲ್ಲ. ಪತ್ರಿಕೆಗಳು ಇದನ್ನು ‘ವಿವಾದದ ನಟ್ಟನಡುವೆ’ ಎಂಬ ಅರ್ಥದಲ್ಲಿ ಬಳಸುತ್ತವೆ. ಹಾಗೆ ಬಳಸಿದ್ದನ್ನು ಓದಿ ಅರ್ಥಮಾಡಿಕೊಳ್ಳಿ, ನೀವೇ ಬರೆಯುವಾಗ ಬೇರೆ ಮಾತು ಹುಡುಕಿಕೊಳ್ಳುವುದು ಮೇಲು.

‘ಇನ್ ದ ಸೇಮ್ ಬೋಟ್’ ಎಂದರೆ ಇಬ್ಬರದೂ ಒಂದೇ ಪಾಡು. ‘ರಾಕ್ ದ ಬೋಟ್’ ಎಂದರೆ ನೆಟ್ಟಗೆ ನಡೆಯುತ್ತಿರುವುದನ್ನು ಕದಡುವುದು. ‘ಮಿಸ್ ದ ಬೋಟ್’ ಎಂದರೆ ಒದಗಿದ ಅವಕಾಶ ತಪ್ಪಿಸಿಕೊಳ್ಳುವುದು. ಇವು ಸುಲಭ. ಮೀನುಗಾರಿಕಾ ಬಂದರಿನ ಕಡೆ ಹೋದರೆ ‘ಹುಕ್, ಲೈನ್ ಆಂಡ್ ಸಿಂಕರ್’ ಕಣ್ಣೆದುರೇ ಇದೆ: ಗಾಳ, ದಾರ, ಸೀಸದ ಗುಂಡು. ಹುಳುವಿನ ಆಸೆಗೆ ಮೀನು ಮೂರನ್ನೂ ನುಂಗಿದರೆ ಬಿಡಿಸಿಕೊಳ್ಳಲಾಗದು. ಕೆವೈಸಿ ಹೆಸರಿನ ಮೋಸದ ಕರೆಯನ್ನು ಪೂರ್ತಿ ನಂಬಿದ ಗ್ರಾಹಕರ ಬಗ್ಗೆ ಬ್ಯಾಂಕಿನಲ್ಲಿ ‘ಹಿ ಫೆಲ್ ಫಾರ್ ಇಟ್ ಹುಕ್, ಲೈನ್ ಆಂಡ್ ಸಿಂಕರ್’ ಎನ್ನುವುದು ಈ ಅರ್ಥದಲ್ಲಿ. ಗ್ರಾಹಕರ ಎದುರಿಗೆ ಈ ಮಾತು ಬೇಡ. ಮೋಸಹೋದವರ ನೋವಿನ ಮೇಲೆ ಅದು ಇನ್ನೊಂದು ಪೆಟ್ಟು.

ಕೃಷ್ಣೆಯ ದಡ, ಹಳಿಗಳ ಕೂಡು

ಹುಬ್ಬಳ್ಳಿ, ಬಳ್ಳಾರಿ, ಗುಂತಕಲ್ಲು ದಾಟಿ ಬರುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲೋ ಬೆಂಗಳೂರಿನಿಂದ ಹೊರಡುವ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲೋ ವಿಜಯವಾಡಕ್ಕೆ ಇಳಿಯುವ ಕನ್ನಡಿಗರಿಗೆ ‘ಬರ್ತ್’ ಎಂದರೆ ಮಲಗುವ ಸೀಟು. ಬಂದರಿನವರಿಗೆ ಬರ್ತ್ ಎಂದರೆ ಹಡಗು ನಿಲ್ಲುವ ಜಾಗ. ‘ಗಿವ್ ಎ ವೈಡ್ ಬರ್ತ್’ ಬಂದದ್ದು ಹಡಗಿನಿಂದ: ಇನ್ನೊಂದು ಹಡಗಿಗೆ ಸಾಕಷ್ಟು ಜಾಗ ಬಿಟ್ಟು ದೂರ ಸಾಗು. ಜಗಳಗಂಟನನ್ನೋ ತಗಾದೆಯ ಜಮೀನನ್ನೋ ತಪ್ಪಿಸಿ ನಡೆಯುವುದಕ್ಕೆ ಇದು ಸರಿಯಾದ ಮಾತು. ಯಾರಿಗೋ ಉದಾರವಾಗಿ ಸ್ಥಾನ ಕೊಟ್ಟೆವು ಎಂಬ ಅರ್ಥ ಇದಕ್ಕಿಲ್ಲ.

‘ಗೋ ಆಫ್ ದ ರೇಲ್ಸ್’ ನಮ್ಮ ‘ಹಳಿ ತಪ್ಪು’ ಎಂಬುದಕ್ಕೆ ಹತ್ತಿರ. ಯೋಜನೆಗೂ ಹೇಳಬಹುದು, ಮನುಷ್ಯರಿಗೂ ಹೇಳಬಹುದು. ಮನುಷ್ಯರಿಗೆ ಹೇಳಿದಾಗ ಮಾತ್ರ ಅದು ನಡತೆ ಕೆಟ್ಟಿತು ಎಂಬಷ್ಟು ಭಾರದ ಮಾತಾಗುತ್ತದೆ. ಒಂದು ದಿನ ತಡವಾಗಿ ಬಂದ ಸಹೋದ್ಯೋಗಿಯ ಮೇಲೆ ಹೊರಿಸುವಂಥದ್ದಲ್ಲ. ನಿಂತ ಕೆಲಸ ಮತ್ತೆ ಶುರುವಾದರೆ ‘ಬ್ಯಾಕ್ ಆನ್ ಟ್ರ್ಯಾಕ್’. ಉಗಿಬಂಡಿ ಹೋಗಿ ಎಷ್ಟೋ ವರ್ಷವಾದರೂ ಅದರ ಉಗಿ ಭಾಷೆಯಲ್ಲಿ ಉಳಿದಿದೆ. ‘ಲೆಟ್ ಆಫ್ ಸ್ಟೀಮ್’ ಎಂದರೆ ಒಳಗೆ ಕಟ್ಟಿಕೊಂಡ ಸಿಟ್ಟು, ಆಯಾಸಗಳನ್ನು ಹೊರಹಾಕುವುದು. ‘ರನ್ ಔಟ್ ಆಫ್ ಸ್ಟೀಮ್’ ಎಂದರೆ ಹುರುಪು ಬತ್ತಿಹೋಗುವುದು. ನಮ್ಮ ಪತ್ರಿಕೆಗಳ ‘ಹಸಿರು ನಿಶಾನೆ’ ರೈಲ್ವೆಯಿಂದಲೇ ಬಂದು ಕನ್ನಡದಲ್ಲಿ ಚೆನ್ನಾಗಿ ಕೂತಿರುವ ಮಾತು. ಆದರೆ ಇದನ್ನು ವಿದೇಶದ ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ‘ಗ್ರೀನ್ ಸಿಗ್ನಲ್’ ಎನ್ನುವುದಕ್ಕಿಂತ ‘ಗ್ರೀನ್ ಲೈಟ್’ ಎನ್ನುವುದು ರೂಢಿ.

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ಕೊತ್ತವಲಸ–ಕಿರಂದೂಲ್ ಮಾರ್ಗದಲ್ಲಿ 58 ಸುರಂಗಗಳಿವೆ ಎನ್ನುತ್ತಾರೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸುರಂಗಗಳನ್ನು ಕಂಡವರಿಗೆ ಆ ಅನುಭವ ಹೊಸದಲ್ಲ. ಕಿಟಕಿಯಾಚೆ ಕತ್ತಲು, ಗಾಲಿಯ ಸದ್ದು ಎರಡರಷ್ಟು, ಆಮೇಲೆ ದೂರದಲ್ಲಿ ಬೆಳಕಿನ ಒಂದು ಚುಕ್ಕೆ. ‘ಲೈಟ್ ಅಟ್ ದಿ ಎಂಡ್ ಆಫ್ ದ ಟನಲ್’ ಎಂಬುದು ಆ ಚುಕ್ಕೆ. ಕಷ್ಟ ಮುಗಿಯಿತು ಎಂದು ಇದರರ್ಥವಲ್ಲ. ಕಷ್ಟ ಇನ್ನೂ ಇದೆ, ಮುಗಿಯುವ ಸೂಚನೆ ಕಂಡಿದೆ. ಕೋಮಾದಿಂದ ಎಚ್ಚರಗೊಂಡ ರೋಗಿಯ ಮನೆಯವರಿಗೆ ವೈದ್ಯರು ಈ ಮಾತು ಹೇಳಿದರೆ, ನಾಳೆಯೇ ಮನೆಗೆ ಕಳಿಸುತ್ತಾರೆ ಎಂದು ತಿಳಿಯಬಾರದು.

ವಿಜಯವಾಡದಲ್ಲಿ ಕೃಷ್ಣಾ ನದಿಗೆ 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜಿಗೆ ಎಪ್ಪತ್ತು ಗೇಟುಗಳು. ಅದರ ಮೇಲೆ ನಿಂತು ನೋಡಿದರೆ ‘ವಾಟರ್ ಅಂಡರ್ ದ ಬ್ರಿಜ್’ ತಾನಾಗಿ ಅರ್ಥವಾಗುತ್ತದೆ: ಹರಿದುಹೋದ ನೀರು ಮರಳಿ ಬಾರದು, ಆದದ್ದು ಆಯಿತು, ಅದನ್ನು ಹಿಡಿದು ಜಗಳ ಬೇಡ. ರಾಜಿಗೆ ಒಳ್ಳೆಯ ಮಾತು, ಆದರೆ ಅದನ್ನು ಆಡಬೇಕಾದವರು ನೊಂದವರೇ. ತಪ್ಪು ಮಾಡಿದವರು ತಾವಾಗಿ ಹೇಳಿದರೆ ಉಡಾಫೆಯಾಗುತ್ತದೆ. ‘ಓಪನ್ ದ ಫ್ಲಡ್‌ಗೇಟ್ಸ್’ ಎಂದರೆ ಒಂದಕ್ಕೆ ಬಾಗಿಲು ತೆರೆದು ಸಾವಿರಕ್ಕೆ ದಾರಿಯಾಗುವುದು. ಒಬ್ಬರ ದಂಡಶುಲ್ಕ ಮನ್ನಾ ಮಾಡಿದರೆ ಎಲ್ಲರೂ ಬಂದು ಕೇಳುತ್ತಾರೆ ಎಂದು ಅಧಿಕಾರಿಗಳು ಹೆದರುವುದು ಹೀಗೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದ್ದವು, ಕೊಚ್ಚಿಬಂದ ದೋಣಿಗಳು ಬ್ಯಾರೇಜಿನ ಗೇಟಿಗೆ ಬಡಿದಿದ್ದವು. ಅದನ್ನು ಅನುಭವಿಸಿದವರ ನಡುವೆ ನೆರೆಯ ನುಡಿಗಟ್ಟುಗಳನ್ನು ಹಗುರವಾಗಿ ಆಡಬಾರದು ಎಂದು ನನಗೆ ಅನಿಸುತ್ತದೆ. ‘ಕೀಪ್ ಒನ್ಸ್ ಹೆಡ್ ಅಬವ್ ವಾಟರ್’ ಎಂದರೆ ಹೇಗೋ ಜೀವನ ತೂಗಿಸುವುದು. ಆದರೆ ಆ ದಿನಗಳಲ್ಲಿ ಅಲ್ಲಿ ಅದು ನುಡಿಗಟ್ಟಾಗಿ ಉಳಿದಿರಲಿಲ್ಲ.

ನಾವು ಎಡವುವ ಜಾಗಗಳು

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ್ದು ಇಲ್ಲಿ. ಅರ್ಥ ಗೊತ್ತಿಲ್ಲದ ನುಡಿಗಟ್ಟು ಅಷ್ಟು ಅಪಾಯದ್ದಲ್ಲ, ಕೇಳಿ ತಿಳಿದುಕೊಳ್ಳಬಹುದು. ಗೊತ್ತಿದೆ ಎಂದುಕೊಂಡು ತಪ್ಪಾಗಿ ಬಳಸುವ ನುಡಿಗಟ್ಟು ಕೆಲಸ ಕೆಡಿಸುತ್ತದೆ.

‘ಪುಲ್ ಸಮ್‌ಒನ್ಸ್ ಲೆಗ್’ ಅಂಥದ್ದು. ಕನ್ನಡದ ‘ಕಾಲೆಳೆಯುವುದು’ ಎರಡು ಕೆಲಸ ಮಾಡುತ್ತದೆ: ತಮಾಷೆ ಮಾಡುವುದು, ಮತ್ತು ಮೇಲೇರುವವರನ್ನು ಕೆಳಕ್ಕೆ ಜಗ್ಗುವುದು. ಇಂಗ್ಲಿಷಿನದು ಮೊದಲನೆಯದನ್ನು ಮಾತ್ರ ಮಾಡುತ್ತದೆ. ಬಡ್ತಿ ತಪ್ಪಿಸಿದರು ಎಂದು ದೂರು ಬರೆಯುವಾಗ ‘ಮೈ ಕಲೀಗ್ಸ್ ಪುಲ್ಡ್ ಮೈ ಲೆಗ್’ ಎಂದು ಬರೆದರೆ, ಓದುವವರಿಗೆ ಸಹೋದ್ಯೋಗಿಗಳು ನಿಮ್ಮೊಡನೆ ನಕ್ಕು ತಮಾಷೆ ಮಾಡಿದರು ಎಂದಷ್ಟೇ ತಿಳಿಯುತ್ತದೆ. ದೂರಿನ ತೂಕವೇ ಹೋಯಿತು. ಅಲ್ಲಿ ‘ಅಂಡರ್‌ಮೈನ್’ ಎಂಬ ಸಾದಾ ಕ್ರಿಯಾಪದ ಸಾಕು.

‘ಹ್ಯಾಂಡ್ ಇನ್ ಗ್ಲವ್’ ಇನ್ನೂ ಕಷ್ಟದ್ದು. ಕೈಗವಸಿನಲ್ಲಿ ಕೈ ಇದ್ದಂತೆ ಹೊಂದಿಕೊಂಡು ಕೆಲಸ ಮಾಡಿದೆವು ಎಂದು ಹೆಮ್ಮೆಯಿಂದ ಬರೆಯುವವರಿದ್ದಾರೆ. ಆದರೆ ಇಂದು ಆ ಮಾತು ಹೆಚ್ಚಾಗಿ ಕೇಳಿಸುವುದು ಶಾಮೀಲಾದವರ ಬಗ್ಗೆ. ‘ನಮ್ಮ ಶಾಖೆ ಏಜೆಂಟರೊಂದಿಗೆ ಹ್ಯಾಂಡ್ ಇನ್ ಗ್ಲವ್ ಆಗಿ ಕೆಲಸ ಮಾಡಿದೆ’ ಎಂಬ ವಾಕ್ಯ ಲೆಕ್ಕಪರಿಶೋಧಕರ ಕಣ್ಣಿಗೆ ಬಿದ್ದರೆ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ‘ಹ್ಯಾಂಡ್ ಇನ್ ಹ್ಯಾಂಡ್’ ಎನ್ನಿ, ಅದು ಶುದ್ಧ ಸಹಕಾರ.

‘ಟೇಬಲ್’ ಎಂಬುದು ದೇಶ ದಾಟಿದರೆ ತಲೆಕೆಳಗಾಗುತ್ತದೆ. ಬ್ರಿಟನ್ನಿನ ಮತ್ತು ನಮ್ಮ ರೂಢಿಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಸಭೆಯ ಮುಂದೆ ಇಡುವುದು. ಅಮೆರಿಕದಲ್ಲಿ ಅದೇ ಮಾತಿಗೆ ಮುಂದೂಡುವುದು ಎಂದರ್ಥ. ಅಮೆರಿಕದ ಗ್ರಾಹಕರೊಂದಿಗೆ ಫೋನಿನಲ್ಲಿರುವ ಸಾಫ್ಟ್‌ವೇರ್ ಕಂಪನಿಯ ಹುಡುಗಿ ಇದನ್ನು ನೆನಪಿಡಬೇಕು. ಕ್ರಿಕೆಟ್ಟಿನ ನುಡಿಗಟ್ಟೂ ಅಲ್ಲಿ ಸಲ್ಲದು. 2005ರ ಏಪ್ರಿಲ್ 5ರಂದು ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ವಿರುದ್ಧ ಧೋನಿ 148 ರನ್ ಹೊಡೆದ ದಿನ ಪಾಕಿಸ್ತಾನದ ಬೌಲರುಗಳು ‘ಆನ್ ದ ಬ್ಯಾಕ್ ಫುಟ್’ ಆಗಿದ್ದರು ಎಂದರೆ ನಮಗೆಲ್ಲ ತಿಳಿಯುತ್ತದೆ. ‘ಸ್ಟಿಕಿ ವಿಕೆಟ್’ ಎಂದರೆ ಇಕ್ಕಟ್ಟಿನ ಪರಿಸ್ಥಿತಿ ಎಂದು ಲಂಡನ್ನಿನವರಿಗೂ ಗೊತ್ತು. ಅಮೆರಿಕದವರ ಆಟ ಬೇಸ್‌ಬಾಲ್. ಅವರು ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಎಂದರೆ ಅಂದಾಜು ಮೊತ್ತ ಹೇಳಿ ಎಂದರ್ಥ. ‘ಟಚ್ ಬೇಸ್’ ಎಂದರೆ ಒಮ್ಮೆ ಮಾತಾಡೋಣ ಎಂದಷ್ಟೇ.

ನಮ್ಮಲ್ಲೇ ಹುಟ್ಟಿದ ಇಂಗ್ಲಿಷ್ ನುಡಿಗಟ್ಟುಗಳೂ ಇವೆ. ‘ಔಟ್ ಆಫ್ ಸ್ಟೇಷನ್’ ಎಂದರೆ ಊರಲ್ಲಿಲ್ಲ ಎಂದು ಬೆಂಗಳೂರಿನಲ್ಲೂ ವಿಜಯವಾಡದಲ್ಲೂ ಮಕ್ಕಳಿಗೂ ಗೊತ್ತು. ಇದಕ್ಕೂ ರೈಲು ನಿಲ್ದಾಣಕ್ಕೂ ನಂಟಿಲ್ಲ. ಬ್ರಿಟಿಷ್ ಅಧಿಕಾರಿಗಳು ನೇಮಕಗೊಂಡು ನೆಲೆಸಿದ್ದ ಊರನ್ನು ‘ಸ್ಟೇಷನ್’ ಎನ್ನುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದ ಅಧಿಕೃತ ಹೆಸರೇ ಸಿವಿಲ್ ಆಂಡ್ ಮಿಲಿಟರಿ ಸ್ಟೇಷನ್ ಆಗಿತ್ತು. ಈ ಮಾತನ್ನು ಕೀಳೆಂದು ತಿಳಿಯಬೇಕಾಗಿಲ್ಲ, ನಮ್ಮ ನಡುವೆ ನಿಶ್ಚಿಂತೆಯಿಂದ ಆಡಬಹುದು. ವಿದೇಶಕ್ಕೆ ಬರೆಯುವಾಗ ‘ಔಟ್ ಆಫ್ ಟೌನ್’ ಎಂದು ಬದಲಿಸಿದರೆ ಸಾಕು. ‘ಡೋಂಟ್ ಈಟ್ ಮೈ ಹೆಡ್’ ಮಾತ್ರ ಗಡಿ ದಾಟಲಾರದು. ತಲೆ ತಿನ್ನುವುದು ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ, ಹಾಗಾಗಿ ವಿಜಯವಾಡದ ಗೆಳೆಯರು ನಕ್ಕು ಅರ್ಥಮಾಡಿಕೊಳ್ಳುತ್ತಾರೆ. ಇಂಗ್ಲಿಷೊಂದನ್ನೇ ಬಲ್ಲವರು ಗಾಬರಿಯಾಗುತ್ತಾರೆ.

ಕೆಲವು ಮಾತುಗಳಿಗೆ ಹಿರಿ ಕಿರಿಯೆಂಬ ಭೇದವಿದೆ. ‘ಪುಲ್ ಅಪ್ ಯುವರ್ ಸಾಕ್ಸ್’, ಅಂದರೆ ಇನ್ನಾದರೂ ಚೆನ್ನಾಗಿ ಕೆಲಸ ಮಾಡು ಎಂಬುದನ್ನು ಮೇಲಿನವರು ಕೆಳಗಿನವರಿಗೆ ಹೇಳುತ್ತಾರೆ. ವ್ಯವಸ್ಥಾಪಕರಿಗೆ ನೀವು ಹೇಳಿದರೆ ಉದ್ಧಟತನ. ಸಾವಿನ ಸುದ್ದಿಗೆ ‘ಕಿಕ್ ದ ಬಕೆಟ್’ ಎಂದೂ ಬೇಡ. ಪಟ್ಟಿಗಳಲ್ಲಿ ಅದರ ಮುಂದೆ ‘ಸಾಯುವುದು’ ಎಂದಷ್ಟೇ ಬರೆದಿರುತ್ತದೆ, ಅದು ಹಗುರವಾದ, ಗೌರವವಿಲ್ಲದ ಮಾತು ಎಂದು ಬರೆದಿರುವುದಿಲ್ಲ. ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಆ ಮಾತು ಬಾಯಿಂದ ಬಂದರೆ ಸಂಬಂಧವೇ ಮುರಿಯುತ್ತದೆ. ‘ಪಾಸ್ಡ್ ಅವೇ’ ಎನ್ನಿ. ಇನ್ನು ನುಡಿಗಟ್ಟಿನ ಪದಗಳನ್ನು ಬದಲಿಸುವ ಹಕ್ಕು ನಮಗಿಲ್ಲ. ಗುಟ್ಟು ರಟ್ಟು ಮಾಡುವುದು ‘ಸ್ಪಿಲ್ ದ ಬೀನ್ಸ್’, ಅಲ್ಲಿ ಬೇರೆ ಕಾಳು ಚೆಲ್ಲುವಂತಿಲ್ಲ. ‘ಲಾಸ್ಟ್ ಬಟ್ ನಾಟ್ ಲೀಸ್ಟ್’ ಎಂಬುದರ ನಡುವೆ ‘ದ’ ಸೇರಿಸಿ ವಂದನಾರ್ಪಣೆ ಮಾಡುವ ಅಭ್ಯಾಸ ನಮ್ಮ ಎಲ್ಲ ವೇದಿಕೆಗಳಲ್ಲೂ ಇದೆ, ಅದನ್ನು ಬಿಡಬೇಕು. ‘ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್’ ನಮ್ಮ ಶಾಲೆಗಳ ಅಚ್ಚುಮೆಚ್ಚು. ಇಂಗ್ಲಿಷ್ ಮಾತೃಭಾಷೆಯವರ ನಿತ್ಯದ ಮಾತಿನಲ್ಲಿ ಅದೀಗ ಅಪರೂಪ. ‘ಇಟ್ಸ್ ಪೋರಿಂಗ್’ ಎಂದರೆ ಸಹಜವಾಗಿರುತ್ತದೆ.

ತೆಲುಗಿನ ನೆರವು

ಕನ್ನಡಿಗರಿಗೆ ಆಂಧ್ರದಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಎಷ್ಟೋ ಇಂಗ್ಲಿಷ್ ನುಡಿಗಟ್ಟುಗಳಿಗೆ ಕನ್ನಡದ ಗಾದೆಯೂ ತೆಲುಗಿನ ಗಾದೆಯೂ ಒಂದೇ ಅಚ್ಚಿನಲ್ಲಿವೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ನಮ್ಮಲ್ಲಿ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ಅವರಲ್ಲಿ ‘ಅಮಾವಾಸ್ಯಕೋ ಪುನ್ನಮಿಕೋ’. ಬೇಲಿಯಾಚೆಯ ಹುಲ್ಲು ಹೆಚ್ಚು ಹಸಿರು ಎಂದು ಇಂಗ್ಲಿಷರು ಹೇಳಿದರೆ ನಾವು ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ, ಅವರು ‘ದೂರಪು ಕೊಂಡಲು ನುನುಪು’ ಎನ್ನುತ್ತಾರೆ. ಬರಿದಾದ ಪಾತ್ರೆಯ ಸದ್ದೇ ಹೆಚ್ಚು ಎಂಬ ಇಂಗ್ಲಿಷ್ ಗಾದೆಗೆ ಎದುರಾಗಿ ನಮ್ಮದು ತುಂಬಿದ ಕೊಡ ತುಳುಕುವುದಿಲ್ಲ, ಅವರದು ‘ನಿಂಡು ಕುಂಡ ತೊಣಕದು’. ಕೆಲಸ ಬಾರದವನು ಉಪಕರಣವನ್ನು ದೂರುತ್ತಾನೆ ಎಂಬುದಕ್ಕೆ ನಮ್ಮಲ್ಲಿ ಕುಣಿಯಲಾರದವಳು ನೆಲ ಡೊಂಕು ಎಂದಳು. ತೆಲುಗಿನಲ್ಲಿ ತಪ್ಪು ನೆಲದ್ದಲ್ಲ, ಮದ್ದಳೆಯದು: ‘ಆಡಲೇಕ ಮದ್ದೆಲ ಓಡು’. ‘ಬಿಟ್ವೀನ್ ದ ಡೆವಿಲ್ ಆಂಡ್ ದ ಡೀಪ್ ಸೀ’ ಎಂಬ ಇಕ್ಕಟ್ಟಿಗೆ ನಮ್ಮವರು ಅತ್ತ ದರಿ ಇತ್ತ ಪುಲಿ ಎಂದರು. ಅವರಿಗೆ ಮುಂದೆ ಬಾವಿ, ಹಿಂದೆ ಗುಂಡಿ: ‘ಮುಂದು ನುಯ್ಯಿ ವೆನುಕ ಗೊಯ್ಯಿ’.

ಆದ್ದರಿಂದ ಸಭೆಯಲ್ಲಿ ಕೇಳಿದ ಇಂಗ್ಲಿಷ್ ನುಡಿಗಟ್ಟನ್ನು ಪಕ್ಕದ ಮೇಜಿನ ತೆಲುಗರಿಗೆ ತೋರಿಸಿ ‘ದೀನಿಕಿ ತೆಲುಗುಲೋ ಏಮಂಟಾರಂಡಿ?’, ಅಂದರೆ ಇದಕ್ಕೆ ತೆಲುಗಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ. ತೆಲುಗಿನ ಗಾದೆ ಕೇಳಿದ ಕೂಡಲೇ ಕನ್ನಡದ್ದು ನೆನಪಾಗುತ್ತದೆ, ಮೂರೂ ಒಟ್ಟಿಗೆ ಮನಸ್ಸಿನಲ್ಲಿ ನಿಲ್ಲುತ್ತವೆ. ಜೊತೆಗೆ ನೆರೆಯ ಭಾಷೆಯೂ ಒಂದಿಷ್ಟು ಬಂತು.

ಇಂಗ್ಲಿಷಿನ ಮೋಹ ಈ ಎರಡೂ ನಾಡಿಗೆ ಹಳೆಯದು. ವಿಶಾಖಪಟ್ಟಣದ ನೆರೆಯ ವಿಜಯನಗರಂನಲ್ಲಿ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕವನ್ನು ಮೊದಲು ಆಡಿದ್ದು 1892ರಲ್ಲಿ. ಅದರ ಗಿರೀಶಂ ಇಂಗ್ಲಿಷ್ ಮಾತುಗಳನ್ನು ಉದುರಿಸಿಯೇ ಒಂದು ಮನೆಯ ವಿಶ್ವಾಸ ಗಳಿಸುತ್ತಾನೆ. ನಮ್ಮ ಕೈಲಾಸಂ ನಾಟಕಗಳ ಕನ್ನಡ-ಇಂಗ್ಲಿಷ್ ಬೆರಕೆಯೂ ಅದೇ ಕಾಯಿಲೆಯನ್ನು ಹಿಡಿದು ತೋರಿಸಿದ್ದು. ಮಾತಿನ ಥಳುಕಿಗೆ ಮರುಳಾಗುವುದು ಒಂದು, ಭಾಷೆಯನ್ನು ಒಳಗಿನಿಂದ ಬಲ್ಲವರಾಗುವುದು ಇನ್ನೊಂದು. ಎರಡನೆಯದಕ್ಕೂ ಇಲ್ಲೇ ಮಾದರಿಗಳಿದ್ದಾರೆ. 1926ರಲ್ಲಿ ಬೆಜವಾಡದಲ್ಲಿ (ಇಂದಿನ ವಿಜಯವಾಡ) ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ, ಅದಕ್ಕೆ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ ನಂತರ ಆ ಸ್ಥಾನಕ್ಕೆ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ ಕೂಡ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಇಬ್ಬರ ಇಂಗ್ಲಿಷೂ ಹೆಸರಾದದ್ದು. ಆದರೂ ರೆಡ್ಡಿಯವರು ತೆಲುಗಿನಲ್ಲಿ ಕಾವ್ಯ ಬರೆದರು, ವಿಮರ್ಶೆ ಬರೆದರು.

ರೂಢಿಸಿಕೊಳ್ಳುವ ಬಗೆ

ಚಿಕ್ಕ ಪುಸ್ತಕವೊಂದಿರಲಿ. ಹೊಸ ನುಡಿಗಟ್ಟು ಕೇಳಿದಾಗ ಅರ್ಥದ ಜೊತೆಗೆ ಯಾರು ಯಾರಿಗೆ ಹೇಳಿದರು, ಯಾವ ಸಂದರ್ಭದಲ್ಲಿ, ನಗುತ್ತಲೋ ಸಿಟ್ಟಿನಲ್ಲೋ ಎಂಬುದನ್ನೂ ಬರೆದುಕೊಳ್ಳಿ. ಅರ್ಥ ಮರೆತರೂ ಸಂದರ್ಭ ನೆನಪಿದ್ದರೆ ಅರ್ಥ ಮರಳುತ್ತದೆ. ನಿಮ್ಮದೇ ಕೆಲಸದ ಒಂದು ವಾಕ್ಯ ಕಟ್ಟಿ. ‘ಇನ್ ದ ಪೈಪ್‌ಲೈನ್’ ಎಂದರೆ ಪ್ರಕ್ರಿಯೆಯಲ್ಲಿದೆ, ಬರಲಿದೆ. 1957ರಿಂದ ತೈಲ ಶುದ್ಧೀಕರಣ ನಡೆಯುತ್ತಿರುವ ವಿಶಾಖಪಟ್ಟಣದಲ್ಲಿ ಇದರ ಚಿತ್ರಕ್ಕೂ ದೂರ ಹೋಗಬೇಕಿಲ್ಲ. ‘ಟೂ ಹೌಸಿಂಗ್ ಲೋನ್ಸ್ ಆರ್ ಇನ್ ದ ಪೈಪ್‌ಲೈನ್’ ಎಂಬ ಒಂದು ವಾಕ್ಯ ಬ್ಯಾಂಕಿನವರಿಗೆ ಪಟ್ಟಿಯ ನೂರು ಸಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಘಂಟು ನೋಡುವುದಾದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ನೋಡಿ, ಅದರಲ್ಲಿ ಮಾತು ಹಗುರದ್ದೋ ಗಂಭೀರದ್ದೋ, ಬ್ರಿಟಿಷರದೋ ಅಮೆರಿಕದ್ದೋ ಎಂಬ ಸೂಚನೆ ಇರುತ್ತದೆ. ದಿನಪತ್ರಿಕೆಯ ಸ್ಥಳೀಯ ಪುಟ ಓದಿ. ಗೊತ್ತಿರುವ ಊರಿನ ಸುದ್ದಿಯಲ್ಲಿ ಗೊತ್ತಿಲ್ಲದ ನುಡಿಗಟ್ಟು ಬಂದರೆ ಊಹೆ ಸುಲಭ. ಶಾಲಾ ಶಿಕ್ಷಕರಾದರೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಿಂದ ಅದು ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ.

ಅರ್ಥಮಾಡಿಕೊಳ್ಳುವುದನ್ನು ಮೊದಲು ಬೆಳೆಸಿ, ಬಳಸುವುದು ನಿಧಾನವಾಗಿ ಬರಲಿ. ಕಚೇರಿಯ ಪತ್ರ, ದೂರು, ವೈದ್ಯರಿಗೆ ಹೇಳುವ ರೋಗಲಕ್ಷಣ, ಪೊಲೀಸರಿಗೆ ಕೊಡುವ ಹೇಳಿಕೆ ಇವುಗಳಲ್ಲಿ ನುಡಿಗಟ್ಟೇ ಬೇಡ. ಅಲ್ಲಿ ಸಾದಾ ಇಂಗ್ಲಿಷೇ ಕ್ಷೇಮ. ‘ಐ ಆಮ್ ಅಂಡರ್ ದ ವೆದರ್’ ಎಂದು ರಜೆ ಕೇಳಬಹುದು, ವೈದ್ಯರ ಮುಂದೆ ಮಾತ್ರ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಹೇಳಬೇಕು.

ತಿಳಿಯದ ಮಾತು ಬಂದಾಗ ತಲೆಯಾಡಿಸಿ ಸುಮ್ಮನಾಗುವುದು ನಮ್ಮವರ ಸಂಕೋಚ. ಅದನ್ನು ಬಿಡಿ. ‘ವಾಟ್ ಡು ಯು ಮೀನ್ ಬೈ ದಟ್, ಸರ್?’ ಎಂದು ಕೇಳಿದವರನ್ನು ಆ ಊರುಗಳಲ್ಲಿ ಯಾರೂ ಹೀಗಳೆಯುವುದಿಲ್ಲ, ಎದುರಿಗಿರುವವರಲ್ಲಿ ಹೆಚ್ಚಿನವರೂ ಇಂಗ್ಲಿಷನ್ನು ಶಾಲೆಯಲ್ಲಿ ಕಷ್ಟಪಟ್ಟು ಕಲಿತವರೇ. ಈಗಾಗಲೇ ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ: ನಿಮ್ಮ ಶಾಖೆಗೋ ಕಾರ್ಯಾಗಾರಕ್ಕೋ ಊರಿನಿಂದ ಹೊಸಬರು ಬಂದಾಗ ಮನೆ, ಮೆಸ್ಸು, ಬಸ್ಸಿನ ವಿವರ ಹೇಳಿಕೊಡುವ ಜೊತೆಗೆ ಅಲ್ಲಿನ ಸಭೆಗಳಲ್ಲಿ ದಿನವೂ ಕೇಳಿಬರುವ ಹತ್ತು ಹನ್ನೆರಡು ನುಡಿಗಟ್ಟುಗಳನ್ನೂ ಕನ್ನಡದಲ್ಲಿ ಬರೆದುಕೊಡಿ.